ಚಿತ್ರದೊಳಗಿನ ಗಾರೆಯವನು

"ಏನ್ರೀ ಇದು, ‘ಗೊತ್ತಿಲ್ಲ’ ಅಂತ ಬರ್ದಿದೀರಿ? ನಾನಿನ್ನೂ ಬದುಕಿದೀನಲ್ರೀ!"

ಪ್ರದರ್ಶನದ ಮೊದಲ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೀಗೆ ಗದರಿದವರು ಕಂದು ಸೂಟು ತೊಟ್ಟ ಒಬ್ಬ ಮುದುಕರು. ಒಸಾಕಾದ ದೋಯಾಮಾದಲ್ಲಿ, ನೂಡಲ್ ಅಂಗಡಿಯೊಂದರ ಮಹಡಿ ಮೇಲೆ, ನನ್ನದು ಎರಡೇ ಕೋಣೆಯ ಗ್ಯಾಲರಿ. ಅಲ್ಲಿ ‘ಕುರೊಗಾನೆ’ ಪತ್ರಿಕೆಯ ಮುಖಪುಟಗಳ ಮೂಲ ಚಿತ್ರಗಳನ್ನು ತೂಗುಹಾಕಿದ್ದೆ. ಗಂಡಸರನ್ನು ಪ್ರೀತಿಸುವ ಗಂಡಸರಿಗಾಗಿ ತಿಂಗಳು ತಿಂಗಳು ಬರುತ್ತಿದ್ದ ಪತ್ರಿಕೆ ಅದು. ನಿಂತು ವರ್ಷಗಳೇ ಆಗಿದ್ದವು. ನಾನು ತೊತ್ತೋರಿಯಲ್ಲಿ ಕಾಲೇಜು ಓದುವಾಗ ಅದನ್ನು ಗಾಳ ಹಾಕಿ ಮೀನು ಹಿಡಿಯುವವರ ಪತ್ರಿಕೆ, ರೇಡಿಯೋ ರಿಪೇರಿ ಪತ್ರಿಕೆ ಎರಡರ ನಡುವೆ ಸಿಕ್ಕಿಸಿಕೊಂಡು, ಅಂಗಡಿಯವನ ಮುಖ ನೋಡದೆ ಕೊಂಡು ತರುತ್ತಿದ್ದೆ. ಅದರ ಮುಖಪುಟಗಳಲ್ಲಿ ಮೂಟೆ ಹೊರುವವರಿದ್ದರು, ಬಡಗಿಗಳಿದ್ದರು, ಲಾರಿ ಓಡಿಸುವವರಿದ್ದರು. ನಮ್ಮೂರ ಬೀದಿಯಲ್ಲೇ ನಡೆದು ಹೋಗುವಂಥವರು. ಅವರನ್ನು ನೋಡಿ, ಹಾಗಾದರೆ ನಾನೊಬ್ಬನೇ ಅಲ್ಲ ಎಂದುಕೊಂಡು ಉಸಿರು ಬಿಟ್ಟವನು ನಾನು.

ಆ ಚಿತ್ರಗಳ ಮೂಲೆಯಲ್ಲಿ ಇರುತ್ತಿದ್ದ ಹೆಸರು ‘ಅರಾಇಸೊ ಗೆನ್’. ಅದು ಇಟ್ಟುಕೊಂಡ ಹೆಸರು. ನಿಜವಾದ ಹೆಸರು ಹಿರೊಸೆ ತೊಮೆಜಿ. ಹೊಟ್ಟೆಪಾಡಿಗೆ ಸಿನಿಮಾ ಥಿಯೇಟರುಗಳ ಬೋರ್ಡು ಬರೆಯುತ್ತಿದ್ದವರು. ಅವರು ತೀರಿಕೊಂಡಾಗ ಕಾನೂನಿನ ಪ್ರಕಾರ ಎಲ್ಲವೂ ತಮ್ಮನಿಗೆ, ಆ ತಮ್ಮನೂ ಹೋದ ಮೇಲೆ ಅವರ ಮಗ ಯಾಸುನೊರಿಗೆ ಹೋಯಿತು. ನಾನು ಮೂರು ಸಲ ಕಾಗದ ಬರೆದ ಮೇಲೆ ಯಾಸುನೊರಿ ಈ ಚಿತ್ರಗಳ ಪೆಟ್ಟಿಗೆ ಕಳಿಸಿದರು. ಜೊತೆಗೆ ಒಂದು ಷರತ್ತು: ದೊಡ್ಡಪ್ಪನ ನಿಜವಾದ ಹೆಸರು, ಊರು ಎಲ್ಲೂ ಕಾಣಿಸಬಾರದು. ನಾನು ಒಪ್ಪಿದ್ದೆ.

ಮುದುಕರು ಬೊಟ್ಟು ಮಾಡಿದ್ದ ಚಿತ್ರ ೧೯೭೩ರದು. ಒಬ್ಬ ಗಾರೆ ಕೆಲಸದವ ಕರಣೆ ಹಿಡಿದು ಅರ್ಧ ಮೆತ್ತಿದ ಗೋಡೆಯ ಮುಂದೆ ಬರಿಗಾಲಲ್ಲಿ ನಿಂತಿದ್ದಾನೆ. ಸೊಂಟಕ್ಕೆ ಬಿಳಿ ಲಂಗೋಟಿ ಬಿಟ್ಟರೆ ಮೈಮೇಲೆಲ್ಲ ಸುಣ್ಣ ಸಿಡಿದ ಕಲೆಗಳೇ. ಕೆಳಗಿನ ಚೀಟಿಯಲ್ಲಿ ನಾನು ‘ರೂಪದರ್ಶಿ: ಗೊತ್ತಿಲ್ಲ’ ಎಂದು ಬರೆದಿದ್ದೆ.

"ಇದು ನೀವಾ?" ಎಂದೆ. ನಂಬಲಿಲ್ಲವೆಂಬುದು ದನಿಯಲ್ಲೇ ಗೊತ್ತಾಗಿರಬೇಕು.

ಅವರು ಕುರ್ಚಿ ಎಳೆದು ಕೂತು ಎಡಗಾಲಿನ ಕಾಲುಚೀಲ ಕಳಚಿದರು. "ನೋಡ್ರಿ ಈ ಕಿರುಬೆರಳು. ಇಟ್ಟಿಗೆ ಬಿದ್ದು ಸೊಟ್ಟಗಾದದ್ದು. ಈಗ ಅಲ್ಲಿ ನೋಡ್ರಿ."

ಚಿತ್ರದಲ್ಲೂ ಎಡಗಾಲಿನ ಕಿರುಬೆರಳು ಹೊರಕ್ಕೆ ಮುರಿದುಕೊಂಡಿತ್ತು. ನಾನು ತಲೆ ಬಾಗಿಸಿ ನಮಸ್ಕರಿಸಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಅವರ ಹೆಸರು ಕುಮೆದಾ ಸದಾಒ. ಥಿಯೇಟರಿನ ಹಿಂಗೋಡೆಗೆ ಗಾರೆ ಮೆತ್ತಲು ಹೋದಾಗ ತೊಮೆಜಿಯವರ ಕಣ್ಣಿಗೆ ಬಿದ್ದವರು. ಮೂರು ವರ್ಷ ರೂಪದರ್ಶಿಯಾಗಿ ಅವರ ಮುಂದೆ ನಿಂತರು. ಆಮೇಲೆ ಮೂವತ್ತೊಂದು ವರ್ಷ ಅವರ ಜೊತೆಗೇ ಬಾಳಿದರು. ಲೋಕದ ಲೆಕ್ಕದಲ್ಲಿ ಕುಮೆದಾ ಬಾಡಿಗೆದಾರ. ಹಾಗಾಗಿ ತೊಮೆಜಿ ಹೋದ ಮೇಲೆ ಅವರ ಕುಂಚಗಳಲ್ಲಿ ಒಂದೂ ಇವರ ಪಾಲಿಗೆ ಬರಲಿಲ್ಲ.

"ಎಲ್ಲಿ, ತೊಮೆ ಸಾನ್ ಹೆಸರೇ ಇಲ್ವಲ್ಲ?" ಎಂದರು.

ಷರತ್ತಿನ ವಿಷಯ ಹೇಳಿದೆ. ಅವರು ಬಗ್ಗಿ ಕಾಲುಚೀಲ ಮತ್ತೆ ಹಾಕಿಕೊಂಡರು.

"ಆಯ್ತು. ಅವರ ಹೆಸರಿಗೆ ಯಾಸು ಬೀಗ ಹಾಕ್ದ, ಹಾಕ್ಲಿ. ನನ್ನ ಹೆಸರಿಗೆ ನಾನೇ ಯಜಮಾನ. ಬರೀರಿ: ಕುಮೆದಾ ಸದಾಒ, ಗಾರೆ ಕೆಲಸದವರು, ಕಿಶಿವಾದಾ."

"ಕುಮೆದಾ ಸಾನ್, ನೆಂಟರಿಷ್ಟರು ನೋಡಿದ್ರೆ… ಒಂದ್ಸಲ ಯೋಚ್ನೆ ಮಾಡಿ."

"ಯೋಚ್ನೆ ಮಾಡ್ತಾ ಮಾಡ್ತಾನೇ ಅರವತ್ತೆಂಟಾಯ್ತು. ಊರ ತುಂಬ ಗೋಡೆ ಮೆತ್ತಿದೀನಿ ಕಣ್ರೀ, ಒಂದ್ರಲ್ಲೂ ನನ್ನ ಹೆಸರಿಲ್ಲ. ಇದೊಂದು ಗೋಡೆ ಮೇಲಾದ್ರೂ ಇರ್ಲಿ."

ಬರೆದೆ. ಅಕ್ಷರ ಚಿಕ್ಕದಾಯಿತೆಂದು ಎರಡನೇ ಸಲ ಬರೆಸಿದರು.

ಮರುದಿನದಿಂದ ಅವರು ದಿನಾ ಬಂದು ಆ ಚಿತ್ರದ ಪಕ್ಕ ಸ್ಟೂಲು ಹಾಕಿಕೊಂಡು ಕೂರತೊಡಗಿದರು. ನಾಲ್ಕನೇ ದಿನ ಗಾರೆಯವರ ಸಂಘದ ನಾಲ್ವರು ಹಳಬರು ಮೆಟ್ಟಿಲು ಹತ್ತಿ ಬಂದರು. ನಾನು ಕುರ್ಚಿ ಬಿಟ್ಟು ಎದ್ದು ನಿಂತೆ.

"ಲೇ ಕುಮೆದಾ," ಎಂದ ಮುಂದಿದ್ದವನು, "ಈ ಚಿತ್ರದಲ್ಲಿರೋ ಚಪ್ಪಟೆ ಹೊಟ್ಟೆ ಎಲ್ಲೋ ಹೋಯ್ತು? ಈಗ ನೋಡಿದ್ರೆ ಸುಣ್ಣದ ಮೂಟೆ ಇದ್ದಂಗಿದೀಯ!"

"ನಿಂದೇನು ಕಮ್ಮಿನಾ? ನಿನ್ನನ್ನ ಬರೆಯೋಕೆ ಎರಡು ಹಾಳೆ ಬೇಕಾಗ್ತಿತ್ತು!"

ನಾಲ್ವರೂ ಮೂಗು ತಾಗುವಷ್ಟು ಹತ್ತಿರ ಹೋಗಿ ಚಿತ್ರ ನೋಡಿದರು. ಮೈಗಿಂತ ಹೆಚ್ಚಾಗಿ ಅವರು ನೋಡಿದ್ದು ಕೈಯನ್ನು. "ಕರಣೆ ಹಿಡಿದಿರೋದು ಸರಿಯಾಗಿದೆ ಕಣ್ರಯ್ಯ," ಎಂದ ಅವರಲ್ಲಿ ಹಿರಿಯ, "ಹೆಬ್ಬೆರಳು ನೋಡಿ ಎಲ್ಲಿದೆ. ಬರ್ದೋನು ಕೆಲಸ ಬಲ್ಲೋನು." ಹೊರಡುವಾಗ ಕುಮೆದಾ ಬೆನ್ನಿಗೆ ಒಂದು ಗುದ್ದಿದ. "ಮೂವತ್ತೊಂದು ವರ್ಷ ಬಾಡಿಗೆದಾರ, ಬಾಡಿಗೆದಾರ ಅಂತಿದ್ಯಲ್ಲೋ, ನಾವೇನು ಕುರುಡ್ರೇನೋ?"

ಕುಮೆದಾ ಕಿಟಕಿ ಕಡೆ ತಿರುಗಿ ನಿಂತರು. ಅವರ ಕಿವಿ ಕೆಂಪಾಗಿತ್ತು.

ಶಿಮಾನೆಯಿಂದ ಒಬ್ಬ ಮೀನುಗಾರರು ಬಂದರು. ಈ ಚಿತ್ರವಿದ್ದ ಮುಖಪುಟವನ್ನು ಕತ್ತರಿಸಿ, ದೋಣಿಯ ಸಲಕರಣೆ ಪೆಟ್ಟಿಗೆಯ ತಳದಲ್ಲಿ ಎಣ್ಣೆಕಾಗದ ಸುತ್ತಿ ಇಟ್ಟುಕೊಂಡಿದ್ದರಂತೆ. "ಸಮುದ್ರದಲ್ಲಿರೋವಾಗ ಮಾತಾಡಿಸ್ತಿದ್ದೆ ನಿಮ್ಮನ್ನ," ಎಂದರು. ಕುಮೆದಾ ಎದ್ದು ನಿಂತು, "ಇಷ್ಟು ವರ್ಷ ಉತ್ತರ ಕೊಡಲಿಲ್ಲ, ಕ್ಷಮಿಸಿ," ಎಂದು ಬಾಗಿದರು. ಇಬ್ಬರೂ ಒಣ ಬೊಂಡಾಸ್ ಮೀನು ಹರಿದು ತಿನ್ನುತ್ತ ಸಂಜೆವರೆಗೂ ಮಾತಾಡಿದರು. ಇಂಥವರು ಬಂದು ಬಂದು, ನೋಡಲು ಬಂದವರಿಗೆಂದು ನಾನು ಮೇಜಿನ ಮೇಲಿಟ್ಟಿದ್ದ ಅಭಿಪ್ರಾಯದ ಪುಸ್ತಕದಲ್ಲಿ ಬರೆದು ಹೋಗುತ್ತಿದ್ದರು. ವಾರದಲ್ಲಿ ಅದು ತುಂಬಿತು, ಇನ್ನೊಂದು ತಂದಿಟ್ಟೆ.

ಮುಗಿಯಲು ಎರಡು ದಿನವಿದ್ದಾಗ ಯಾಸುನೊರಿ ಬಂದರು. ಹಿಮೆಜಿಯಲ್ಲಿ ಗಣಿತದ ಮೇಷ್ಟ್ರು, ಐವತ್ತರ ಆಸುಪಾಸು. ಚೀಟಿ ನೋಡಿ ಮುಖ ಬಿಗಿದುಕೊಂಡು, ಚಿಕ್ಕಂದಿನಿಂದ ‘ಮಾಮ’ ಎಂದೇ ಕರೆಯುತ್ತಿದ್ದ ಕುಮೆದಾ ಕಡೆ ತಿರುಗಿದರು.

"ಮಾಮ, ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ನನ್ನ ಹೆಸರು ಹಾಕ್ಕೊಂಡಿದೀನಿ ಯಾಸು. ನಿನ್ನದು ಹಾಕಿದೀನಾ? ಅವರದು ಹಾಕಿದೀನಾ?"

ಮೇಷ್ಟ್ರು ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಚಹಾ ಕೊಟ್ಟೆ, ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಪುಸ್ತಕ ತೆರೆದು ಓದತೊಡಗಿದರು. ಒಂದು ಪುಟ, ಹತ್ತು ಪುಟ, ಆಮೇಲೆ ಎರಡನೇ ಪುಸ್ತಕ. ಅಲ್ಲಿ ಒಬ್ಬರು ಬರೆದಿದ್ದರು: ‘ಇಪ್ಪತ್ತರ ವಯಸ್ಸಿನಲ್ಲಿ ಸಾಯಲು ಹೊರಟಿದ್ದೆ. ಮುಂದಿನ ತಿಂಗಳ ಮುಖಪುಟದಲ್ಲಿ ಯಾರಿರುತ್ತಾರೋ ನೋಡೋಣ ಎಂದು ನಿಂತೆ. ಹಾಗೆ ನೋಡುತ್ತ ನೋಡುತ್ತ ಮುದುಕನಾದೆ. ಅರಾಇಸೊ ಗುರುಗಳಿಗೆ ನಮಸ್ಕಾರ.’

ಆ ಪುಟದ ಮೇಲೆ ಅಂಗೈ ಇಟ್ಟುಕೊಂಡು ಯಾಸುನೊರಿ ಕೇಳಿದರು: "ಇವರೆಲ್ಲ ನಮ್ಮ ದೊಡ್ಡಪ್ಪನಿಗೇ ಬರೆದಿರೋದಾ?"

"ಹೌದು."

"ದೊಡ್ಡಪ್ಪನ ಅಂತ್ಯಕ್ರಿಯೆಯಲ್ಲಿ ಅಪ್ಪ ಹೇಳಿದ್ರು, ‘ಬೋರ್ಡು ಬರೀತಿದ್ದ, ಬಾಳಲ್ಲಿ ಏನೂ ಸಾಧಿಸ್ಲಿಲ್ಲ’ ಅಂತ. ನಾನೂ ತಲೆ ಆಡಿಸ್ದೆ." ಪುಸ್ತಕ ಮುಚ್ಚಿ, "ನನಗೆ ನಾಚಿಕೆಯಾಗ್ತಿದ್ದದ್ದು ಈ ಚಿತ್ರಗಳಿಂದ. ಈಗ ಆ ತಲೆ ಆಡಿಸಿದ್ದಕ್ಕೆ ನಾಚಿಕೆಯಾಗ್ತಿದೆ. ಪೆನ್ನು ಕೊಡಿ," ಎಂದರು.

ಬಾಗಿಲ ಬಳಿಯ ಫಲಕಕ್ಕೆ ಹೊಸ ಹಾಳೆ ಅಂಟಿಸಿ, ಕೊನೇ ಬೆಂಚಿಗೂ ಕಾಣುವ ಹಾಗೆ ದಪ್ಪಕ್ಷರದಲ್ಲಿ ಬರೆದರು: ‘ಹಿರೊಸೆ ತೊಮೆಜಿ, ಚಿತ್ರಕಾರ. ಜನನ ೧೯೩೩, ಆಕೋ. ಅರಾಇಸೊ ಗೆನ್ ಇವರೇ.’ ಆಮೇಲೆ ಕುಮೆದಾ ಕಡೆ ತಿರುಗಿ, "ಮಾಮ, ನಿಮ್ಮನ್ನ ಏನಂತ ಬರೀಲಿ?" ಎಂದರು.

"ಏನಿತ್ತೋ ಅದನ್ನೇ ಬರಿ."

‘ಬಾಳಿದ್ದು ಕುಮೆದಾ ಸದಾಒ ಅವರ ಜೊತೆ’ ಎಂದು ಕೆಳಗೆ ಇನ್ನೊಂದು ಸಾಲು ಸೇರಿತು.

ಕೊನೆಯ ದಿನ ಭಾನುವಾರ. ಮೇಷ್ಟ್ರು ಹೆಂಡತಿ, ಮಗಳು, ಶಾಲೆಯ ಇಬ್ಬರು ಸಹೋದ್ಯೋಗಿಗಳನ್ನು ಕರೆದುಕೊಂಡು ಬಂದರು. ಕೋಣೆ ಕಿಕ್ಕಿರಿದಿತ್ತು, ಸಾಲು ಮೆಟ್ಟಿಲು ದಾಟಿ ನೂಡಲ್ ಅಂಗಡಿಯ ಬಾಗಿಲವರೆಗೆ ಇಳಿದಿತ್ತು. ಗುರುತಿಲ್ಲದವರಿಗೂ ಅವರು ತಾವಾಗಿಯೇ ವಿವರಿಸುತ್ತಿದ್ದರು: "ಇದು ನಮ್ಮ ದೊಡ್ಡಪ್ಪ ಬರೆದದ್ದು. ಚಿತ್ರದಲ್ಲಿರೋರು ಇಲ್ಲೇ ಇದಾರೆ, ನೋಡಿ. ಮಾಮ, ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ."

"ಸಾಕು ಸುಮ್ನಿರೋ," ಎಂದು ರೇಗಿದರು ಕುಮೆದಾ. ಆದರೂ ಎದ್ದು, ಸೂಟಿನ ಗುಂಡಿ ಹಾಕಿ, ಎದೆ ಸೆಟೆಸಿ ನಿಂತುಕೊಂಡರು.