ಎರೆಹೊಲಕ್ಕೆ ಒಪ್ಪುವ ಟೈರು

ಪಶುವೈದ್ಯೆ ಗಗನಾಳ ಗಾಡಿ ಅಜ್ಜಂಪುರದ ಎರೆಹೊಲದಲ್ಲಿ ಹೂತುಕೊಂಡದ್ದು ಆ ಮಳೆಗಾಲದಲ್ಲಿ ಅದು ಮೂರನೇ ಸಲ. ಮೊದಲೆರಡು ಸಲ ಟ್ರ್ಯಾಕ್ಟರ್ ಬಂದು ಎಳೆದು ಮಾನ ಉಳಿಸಿತ್ತು. ಈ ಸಲ ಸಿಕ್ಕಿದ್ದು ಒಂದು ಜೋಡಿ ಎತ್ತು. ಅದರಲ್ಲಿ ಒಂದಕ್ಕೆ ಹಿಂದಿನ ವಾರವಷ್ಟೇ ಅವಳೇ ಗೊರಸಿಗೆ ಔಷಧ ಹಚ್ಚಿದ್ದಳು.

"ಫೋರ್ ವೀಲ್ ಡ್ರೈವು ಅಂತಿದ್ರಿ ಡಾಕ್ಟ್ರಮ್ಮ, ನಮ್ದು ಎಂಟು ಕಾಲಿನ ಡ್ರೈವು ಕಣ್ರೀ!" ಎಂದು ಈರುಳ್ಳಿ ಕೀಳುತ್ತಿದ್ದ ಹೆಂಗಸರು ಬಿದ್ದುಬಿದ್ದು ನಕ್ಕರು. ಗಗನಾಳೂ ನಕ್ಕಳು. ಆದರೆ ಗಾಡಿಗೆ ಆನೆಗಾತ್ರದ ಟೈರು ಹಾಕಿಸಿಯೇ ತೀರಬೇಕು ಎಂಬ ಹಟ ಅಲ್ಲೇ ಹುಟ್ಟಿತು.

ಭಾನುವಾರ ಬೆಳಿಗ್ಗೆ ತರೀಕೆರೆಯ ರುದ್ರಮೂರ್ತಿಯ ಟೈರ್ ಅಂಗಡಿಗೆ ಹೊರಟಳು. ಜೊತೆಗೆ ಆಸ್ಪತ್ರೆಯ ಸಹಾಯಕ ದೇವೀರಪ್ಪನೂ ಬಂದ. ಅವನಿಗೆ ತರೀಕೆರೆಯಲ್ಲಿ ಮಗಳ ಮನೆಗೆ ಹೋಗುವುದಿತ್ತು. ಅಂಗಡಿ ತಲುಪಿದ್ದೇ ಗಗನಾ ಮೊಬೈಲ್ ತೆಗೆದು ರುದ್ರಮೂರ್ತಿಗೆ, ಬೆಟ್ಟ ಹತ್ತುತ್ತಿರುವ ಒಂದು ಗಾಡಿಯ ಚಿತ್ರ ತೋರಿಸಿದಳು.

"ಇಂಥದ್ದೇ ಬೇಕು. ಮೂವತ್ತಮೂರು ಇಂಚು."

ರುದ್ರಮೂರ್ತಿ ಟಾರ್ಚ್ ಹಿಡಿದು ಮಡ್‌ಗಾರ್ಡಿನ ಒಳಗೆ ತಲೆ ತೂರಿಸಿ ನೋಡಿದ. "ಕೂರಲ್ಲ ಮೇಡಂ. ಈಗಿರೋದು ಇಪ್ಪತ್ತೊಂಬತ್ತು. ಮೂವತ್ತೊಂದಕ್ಕೆ ನಿಲ್ಸಿ."

"ಒಂದನ್ನ ಹಾಕಿ ತೋರ್ಸಿ, ನೋಡಣ."

ಅವನು ಮೂಲೆಯಲ್ಲಿದ್ದ ದೊಡ್ಡ ಟೈರನ್ನು ಉರುಳಿಸಿ ತಂದು ಮುಂದಿನ ಎಡಗಡೆಗೆ ಸಿಕ್ಕಿಸಿದ. ಗಗನಾ ಸ್ಟೇರಿಂಗ್ ಪೂರ್ತಿ ತಿರುಗಿಸಿದ್ದೇ ತಡ, ಗರ್ರ್ ಎಂದು ಟೈರು ಬಾಡಿಗೆ ಉಜ್ಜಿತು.

"ಕಚ್ತಾ ಐತೆ, ಕೇಳುಸ್ತಾ? ಬಾಡಿ ಕೊಯ್ದು ಗಾಡಿ ಎತ್ತರಿಸ್ಬೋದು. ಆಮೇಲೆ ಏರಲ್ಲಿ ಗಾಡಿ ಎಳೆಯಲ್ಲ, ಬ್ರೇಕೂ ತಡವಾಗಿ ಹಿಡೀತದೆ ಅಂತ ನನ್ನನ್ನ ಬೈಬಾರ್ದು."

ಗಗನಾಳಿಗೆ ಆಸೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. "ದೇವೀರಪ್ಪಣ್ಣ, ಹತ್ತಿ ಕೂತು ನೋಡಿ, ಹೆಂಗಿದೆ?" ಎಂದಳು.

ದೇವೀರಪ್ಪ ಹಿಡಿಕೆ ಹಿಡಿದು ಎಡಗಾಲು ಎತ್ತಿದ, ಇಳಿಸಿದ. ಬಲಗಾಲು ಎತ್ತಿದ, ಅದೂ ಏರಲಿಲ್ಲ. ಹಿಂದೊಮ್ಮೆ ಹೋರಿ ಒದ್ದಿದ್ದ ಮಂಡಿ ಅದು. "ಒಂದು ಸ್ಟೂಲ್ ಇಟ್ಕಂಡ್ರಾಯ್ತು ಬಿಡಮ್ಮ, ಹಾಲು ಕರೆಯೋರ ಹಂಗೆ" ಎಂದು ನಗಿಸಲು ನೋಡಿದ.

ರುದ್ರಮೂರ್ತಿ ನಕ್ಕ. ಗಗನಾಳಿಗೆ ನಗು ಬರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಯಾವ ದನ ಒದೆಯುತ್ತದೆ, ಯಾವುದು ಬರೀ ಹೆದರಿಸುತ್ತದೆ ಎಂಬುದನ್ನು ಅವಳಿಗೆ ಕಲಿಸಿದ್ದೇ ಈ ಮನುಷ್ಯ. ಅವನು ಹತ್ತಲಾಗದ ಗಾಡಿಯನ್ನು ತೆಗೆದುಕೊಂಡು ಯಾವ ಹೊಲಕ್ಕೆ ಹೋಗುವುದು?

"ತೆಗೀರಿ ಅದನ್ನ. ಮೂವತ್ತೊಂದೇ ಹಾಕಿ" ಎಂದುಬಿಟ್ಟಳು. "ಆದ್ರೆ ಟೈರಿನ ಮೇಲಿನ ಗುಬುಟು ಮಾತ್ರ ಇಷ್ಟಿಷ್ಟು ದಪ್ಪ ಇರ್ಬೇಕು, ಕೆಸರು ಕಚ್ಚಿ ಹಿಡಿಯೋ ಹಂಗೆ."

"ಬರೀ ಕೆಸರಿನ ಟೈರ್ ಹಾಕಿದ್ರೆ ಡಾಂಬರು ರೋಡಲ್ಲಿ ಗುಂಯ್ ಅಂತ ತಲೆ ತಿಂತದೆ. ನಿಮಗೆ ಆಲ್ ಟೆರೇನ್ ಸರಿ, ಎರಡಕ್ಕೂ ಆಗ್ತದೆ. ಎರೆಮಣ್ಣಲ್ಲಿ ಸೈಜಿಗಿಂತ ಗಾಳಿ ಮುಖ್ಯ ಮೇಡಂ. ಹೊಲಕ್ಕೆ ಇಳಿಯೋಕೆ ಮುಂಚೆ ಅರ್ಧದಷ್ಟು ಬಿಟ್ಬಿಡಿ, ಟೈರು ಅಗಲ ಆಗಿ ಮಣ್ಣಿನ ಮೇಲೆ ತೇಲ್ತದೆ. ರೋಡಿಗೆ ಬಂದ್ಮೇಲೆ ತುಂಬಿಸ್ಕಳಿ." ಹೀಗೆ ಹೇಳಿ ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಪಂಪೊಂದನ್ನೂ ಗಾಡಿಯಲ್ಲಿಟ್ಟ.

ಗುರುವಾರ ಮಧ್ಯಾಹ್ನ ರೈತ ಚನ್ನಬಸಪ್ಪನ ಫೋನು ಬಂತು. "ಎಮ್ಮೆ ಬೆಳಿಗ್ಗೆಯಿಂದ ಕಷ್ಟ ಪಡ್ತಾ ಐತೆ, ಕರ ಅಡ್ಡ ಸಿಕ್ಕಂಡೈತೆ. ಹೊಲದ ಮನೇಲೈತೆ ಕಣಮ್ಮ, ದಾರಿ ಕೆಟ್ಟೋಗದೆ, ಎಲ್ಲಿವರ್ಗೆ ಆಗುತ್ತೋ ಅಲ್ಲಿವರ್ಗೆ ಬನ್ನಿ."

ಹಿಂದಿನ ದಿನವೆಲ್ಲ ಮಳೆ ಹೊಡೆದಿತ್ತು. ಹೊಲದ ಅಂಚಿನಲ್ಲಿ ಗಾಡಿ ನಿಲ್ಲಿಸಿ ಇಬ್ಬರೂ ಇಳಿದರು, ನಾಲ್ಕೂ ಟೈರಿನ ಗಾಳಿ ಬಿಟ್ಟರು. ಟೈರುಗಳು ಹೊಟ್ಟೆ ಬಿಟ್ಟುಕೊಂಡು ಕೂತವು. ಗಗನಾ ಫೋರ್ ವೀಲ್ ಹಾಕಿ ನಿಧಾನವಾಗಿ ಇಳಿಸಿದಳು. ಅರ್ಧ ದಾರಿಯಲ್ಲಿ ಗಾಡಿಯ ಹಿಂಭಾಗ ಬದುವಿನ ಕಡೆಗೆ ಜಾರಿತು.

"ಕಾಲು ತೆಗೀಬೇಡ, ತೆಗೀಬೇಡ!" ದೇವೀರಪ್ಪ ಹಿಡಿಕೆಗೆ ಜೋತುಬಿದ್ದು ಕೂಗಿದ.

ಅವಳು ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆಯಲಿಲ್ಲ. ಗಾಡಿ ಒಂದು ಕ್ಷಣ ತೂಗಿ, ಮಣ್ಣುಂಡೆಗಳನ್ನು ಸೂರಿನೆತ್ತರಕ್ಕೆ ಎರಚುತ್ತ ಹೊಲದ ಮನೆಯ ಅಂಗಳಕ್ಕೇ ಬಂದು ನಿಂತಿತು.

ಕರುವಿನ ಮುಂಗಾಲೊಂದು ಒಳಗೆ ಮಡಚಿಕೊಂಡಿತ್ತು. ದೇವೀರಪ್ಪ ಎಮ್ಮೆಯ ತಲೆ ತಬ್ಬಿ ಅದರ ಕಿವಿಯಲ್ಲಿ ಏನೇನೋ ಹೇಳುತ್ತ ನಿಂತ. ಗಗನಾ ಭುಜದವರೆಗೆ ಕೈ ಹಾಕಿ, ಬೆವರಿಳಿಯುತ್ತ, ಮುಕ್ಕಾಲು ಗಂಟೆ ಹೆಣಗಿದಳು. ಕಾಲು ಸರಿಹೋದ ಮೇಲೆ ಉಳಿದದ್ದು ಬೇಗ ಆಯಿತು. ಕರು ಜಾರಿ ಹುಲ್ಲಿನ ಮೇಲೆ ಬಿದ್ದು ಸೀನಿತು.

"ಹೆಣ್ಗರ! ಹೆಣ್ಗರ ಕಣ್ರೀ!" ಚನ್ನಬಸಪ್ಪನ ಹೆಂಡತಿ ಕಲ್ಲಮ್ಮ ಕುಣಿದುಬಿಟ್ಟಳು. ಅಕ್ಕಪಕ್ಕದ ಹೊಲದವರೆಲ್ಲ ಕರು ನೋಡಲು ಓಡಿ ಬಂದರು.

ಕೈ ತೊಳೆಯುತ್ತ ಗಗನಾ ಎರಡು ಸಲ ಗಾಡಿಯ ಕಡೆ ನೋಡಿದಳು. ಯಾರಾದರೂ ಟೈರಿನ ಸುದ್ದಿ ಎತ್ತಿಯಾರೇ ಎಂದು ಕಾದಳು. ಅದರತ್ತ ಯಾರೂ ತಿರುಗಲೇ ಇಲ್ಲ. ಕೊನೆಗೆ ತಾನೇ ಕೆಮ್ಮಿ, "ಹೊಸಾ ಟೈರು ಹಾಕ್ಸಿದೀನಿ" ಎಂದಳು.

"ಹಾಕಿಸ್ಬೇಕಲ್ವಾ ಮತ್ತೆ" ಎಂದಳು ಕಲ್ಲಮ್ಮ, ಕರುವಿನ ಮೂಗು ಒರೆಸುತ್ತ. "ಬನ್ನಿ, ಕೈ ತೊಳ್ದದ್ದಾಯ್ತಲ್ಲ, ರೊಟ್ಟಿ ಬಿಸಿಯಾಗೈತೆ."

ಗಗನಾಳಿಗೆ ಆಗ ತಡೆಯಲಾರದ ನಗು ಬಂತು. ದೇವೀರಪ್ಪ ಅಷ್ಟರಲ್ಲಿ ಜಗಲಿಯ ಮೇಲೆ ಕೂತು ಮೊದಲ ರೊಟ್ಟಿ ಮುರಿದಾಗಿತ್ತು. ಅವಳೂ ಪಕ್ಕದಲ್ಲಿ ಕೂತು, ಹಸಿ ಈರುಳ್ಳಿ ಕಡಿದುಕೊಂಡು, ಮೂರು ರೊಟ್ಟಿ ತಿಂದಳು.