ಅಶ್ವಿತಾಳ ಕಿವಿ ನನ್ನದಾಗಿತ್ತು

ನಾನು ಒಂದು ಹೆಡ್‌ಸೆಟ್. ಎರಡು ಕಿವಿಗೆ ಎರಡು ಸ್ಪಂಜು, ತಲೆಯ ಮೇಲೆ ಹಾಯುವ ಒಂದು ಪಟ್ಟಿ, ಬಾಯಿಯ ಹತ್ತಿರ ಬಾಗುವ ಒಂದು ಮೈಕು, ಇಷ್ಟೇ ನನ್ನ ಶರೀರ. ಹೊಟ್ಟೆ ಎಂಬ ಅವಯವ ನನಗಿಲ್ಲ. ಆದರೂ ಹೊಟ್ಟೆಕಿಚ್ಚು ಮಾತ್ರ ಧಾರಾಳವಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನದು ದೊಡ್ಡ ಮನಸ್ಸು ಎಂದು ತಿಳಿದು ನೀವು ಮೋಸ ಹೋಗುವುದು ಬೇಡ.

ನಾನು ಹುಟ್ಟಿದ್ದು ಯಾವ ದೇಶದ ಕಾರ್ಖಾನೆಯಲ್ಲೋ ಗೊತ್ತಿಲ್ಲ. ಯಾರೋ ಒಬ್ಬಳು ನನ್ನ ತಂತಿಗೆ ಬೆಸುಗೆ ಹಾಕಿ, ಕಿವಿಗಿಟ್ಟು ನೋಡಿ, ತಲೆಯಾಡಿಸಿ ಪೆಟ್ಟಿಗೆಗೆ ಹಾಕಿದಳು. ಪೆಟ್ಟಿಗೆ ತೆರೆದಾಗ ನಾನು ಮಂಗಳೂರಿನಲ್ಲಿದ್ದೆ. ಆರೋಗ್ಯ ವಿಮೆ ಮಾಡಿಸಿದವರು ಫೋನು ಮಾಡಿದರೆ ಉತ್ತರ ಹೇಳುವ ಒಂದು ಕಂಪನಿ ಅದು. ಹೊರಗೆ ಸೆಕೆಯಲ್ಲಿ ಜನ ಬೇಯುತ್ತಿದ್ದರೆ ಒಳಗೆ ಎ.ಸಿ.ಗೆ ಎಲ್ಲರೂ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದರು.

ನನ್ನ ಮೊದಲ ಯಜಮಾನ ನೌಫಲ್. ಗೋಳಿಬಜೆ ತಿಂದ ಕೈಯಲ್ಲೇ ನನ್ನನ್ನು ಹಿಡಿಯುತ್ತಿದ್ದ. ಏಳು ತಿಂಗಳಿಗೆ ಅವನು ಕೆಲಸ ಬಿಟ್ಟು ಮಸ್ಕತ್ತಿಗೆ ಹೋದ. ನನಗೇನೂ ದುಃಖವಾಗಲಿಲ್ಲ. ಮರುದಿನವೇ ಅಶ್ವಿತಾ ಬಂದಳು. ಬಂದವಳೇ ತನ್ನ ಕರವಸ್ತ್ರದಿಂದ ನನ್ನ ಎಣ್ಣೆಯನ್ನೆಲ್ಲ ಒರೆಸಿ, ಮೈಕನ್ನು ಎರಡು ಬೆರಳಿನಿಂದ ಮೆಲ್ಲ ಬಾಗಿಸಿ, ತಲೆಗೇರಿಸಿಕೊಂಡಳು. ಆ ದಿನದಿಂದ ನಾನು ಅವಳಿಗೆ ಮಾರುಹೋದೆ.

ನಾಲ್ಕು ವರ್ಷ ಅವಳ ಕಿವಿ ನನ್ನದಾಗಿತ್ತು. ದಿನಕ್ಕೆ ಎಂಬತ್ತು, ತೊಂಬತ್ತು ಕರೆ. ಬೀದರಿನವರು, ಚಾಮರಾಜನಗರದವರು, ಶಿರಸಿಯವರು, ಎಲ್ಲರೂ ನನ್ನ ಮೂಲಕವೇ ಅವಳನ್ನು ತಲುಪಬೇಕು. ಕಂಪನಿಯಲ್ಲಿ ಒಂದು ಕರೆಗೆ ನಾಲ್ಕೇ ನಿಮಿಷ. ಅದರೊಳಗೆ ಮುಗಿಸಲು ಬರೆದುಕೊಟ್ಟ ಮಾತುಗಳಿದ್ದವು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ನಾನು ಸಾಗಿಸಿದ ಮಾತು ಇದು: 'ನಿಮ್ಮ ದೂರು ದಾಖಲಾಗಿದೆ, ಇಪ್ಪತ್ತನಾಲ್ಕು ಗಂಟೆಯೊಳಗೆ ನಿಮಗೆ ಉತ್ತರ ಸಿಗುತ್ತದೆ.' ಹೇಳಿದ ಮೇಲೆ ಅಶ್ವಿತಾ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತುವಳು. ಆ ದೂರು ತಾನಾಗಿಯೇ ಬೇರೆ ಮಹಡಿಯ ಯಾರಿಗೋ ಹೋಗುತ್ತಿತ್ತು. ಅಲ್ಲಿ ಅದು ಏನಾಗುತ್ತಿತ್ತು ಎಂದು ಅವಳಿಗೆ ಗೊತ್ತಿಲ್ಲ, ನನಗಂತೂ ಮೊದಲೇ ಗೊತ್ತಿಲ್ಲ.

ಹಿರಿಯೂರು ಕಡೆಯ ಒಬ್ಬ ಹಿರಿಯರು ಆಸ್ಪತ್ರೆಯಿಂದ ಹನ್ನೊಂದು ಸಲ ಕರೆ ಮಾಡಿದ್ದರು. ಮಂಜೂರಾತಿ ಬಂದರೆ ಮಾತ್ರ ಆಪರೇಷನ್ನು. ಹನ್ನೊಂದು ಸಲವೂ ಅವರಿಗೆ ಅದೇ ಇಪ್ಪತ್ತನಾಲ್ಕು ಗಂಟೆಯ ಉತ್ತರ. ಹನ್ನೆರಡನೆಯ ಸಲ ಮಾತಾಡಿದ್ದು ಅವರ ಮಗಳು. ಅಪ್ಪ ಹೋಗಿಬಿಟ್ಟರು, ಇನ್ನು ನೋಡುವುದು ಬೇಡ, ದೂರು ಮುಚ್ಚಿಬಿಡಿ ಎಂದಳು. ಅಭ್ಯಾಸದ ನಾಲಿಗೆ, ಅಶ್ವಿತಾ 'ಕರೆ ಮಾಡಿದ್ದಕ್ಕೆ ಧನ್ಯವಾದಗಳು' ಎಂದುಬಿಟ್ಟಳು. ಆಮೇಲೆ ನನ್ನನ್ನು ತೆಗೆದಿಟ್ಟು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕುಳಿತವಳು ಅರ್ಧ ಗಂಟೆ ಬರಲಿಲ್ಲ.

ಅಲ್ಲಿಗೆ ಅವಳ ಮನಸ್ಸು ಕಂಪನಿಯಿಂದ ಎದ್ದುಹೋಯಿತು. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಅರ್ಜಿ ಹಾಕಿದಳು. ವಯಸ್ಸಿನ ಮಿತಿಗೆ ಅದೊಂದೇ ಅವಕಾಶ ಉಳಿದಿತ್ತು. ಅವಳ ಅಮ್ಮ ಹರಿಣಾಕ್ಷಿ ಎರಡು ದಿನ ಮುಖ ಊದಿಸಿಕೊಂಡರು. ಎ.ಸಿ.ಯಲ್ಲಿ ಕೂತು ಮಾತಾಡುವ ಕೆಲಸ ಬಿಟ್ಟು ಬಿಸಿಲಿನಲ್ಲಿ ನಿಲ್ಲಲು ಹೊರಟಿದ್ದಾಳೆ, ಇವಳಿಗೆ ತಲೆ ಸರಿ ಉಂಟಾ ಎಂದು ಅಕ್ಕಪಕ್ಕದವರಲ್ಲೆಲ್ಲ ಹೇಳಿಕೊಂಡು ಬಂದರು. ಕೆಲಸ ಬಿಡುವ ದಿನ ಸ್ಟೋರಿನವನು ನನ್ನ ಹರಿದ ಸ್ಪಂಜು ನೋಡಿ, ಇದನ್ನು ಎಸೆಯುವುದೇ ಎಂದ. 'ಎಸೆಯೋದಾದ್ರೆ ನನಗೆ ಕೊಡಿ' ಎಂದಳು ಅಶ್ವಿತಾ. ಆ ಕ್ಷಣದಿಂದ ನಾನು ಕಂಪನಿಯ ಸ್ವತ್ತಲ್ಲ, ಅವಳದೇ.

ಪರೀಕ್ಷೆ ಪಾಸು ಮಾಡಿಸಿದ್ದು ನಾನೇ ಎಂದರೆ ಜಂಬ ಎನ್ನುತ್ತೀರಿ. ಆದರೂ ಹೇಳುತ್ತೇನೆ. ಸಂವಿಧಾನ, ಭೂಗೋಳ, ಕಾನೂನು, ಎಲ್ಲ ಪಾಠವನ್ನೂ ಮೊಬೈಲಿನಿಂದ ಅವಳ ಕಿವಿಗೆ ಹಾಕಿದ್ದು ನಾನು. ಓಟ, ಗುಂಡು ಎಸೆತ ಅವಳ ಸ್ವಂತ ಶ್ರಮ, ಅದಕ್ಕೆ ನಾನು ಪಾಲು ಕೇಳುವುದಿಲ್ಲ. ಪಾಸಾದ ಮೇಲೆ ಏನಾಯಿತು ಗೊತ್ತೇ? ನನ್ನನ್ನು ಕಪಾಟಿನಲ್ಲಿ ಹಳೆಯ ಚೂಡಿದಾರಗಳ ನಡುವೆ ತುರುಕಿ ತರಬೇತಿಗೆ ಹೊರಟುಹೋದಳು. ಎಂಟು ತಿಂಗಳು ನುಸಿಗುಳಿಗೆಯ ವಾಸನೆ ಕುಡಿದುಕೊಂಡು ಬಿದ್ದಿದ್ದೆ.

ಕೊನೆಗೆ ಠಾಣೆಗೆ ಡ್ಯೂಟಿ ಹಾಕಿದಾಗ, ಬಸ್ಸಿನಲ್ಲಿ ಹಾಡು ಕೇಳಲೆಂದು ನನ್ನನ್ನು ಮತ್ತೆ ಚೀಲಕ್ಕೆ ಹಾಕಿದಳು. ಅಲ್ಲಿ ಮೊದಲ ಸಲ ಅದನ್ನು ನೋಡಿದೆ. ವಾಕಿಟಾಕಿ. ಕಪ್ಪಗೆ, ದಪ್ಪಗೆ, ತಲೆಯ ಮೇಲೊಂದು ಕೊಂಬು. ಅವಳ ಭುಜಕ್ಕೆ ಆತುಕೊಂಡು, ಕಿವಿಯಿಂದ ಒಂದು ಗೇಣು ದೂರದಲ್ಲಿ, ಹುಟ್ಟಿದಂದಿನಿಂದ ಅದು ತನ್ನದೇ ಜಾಗ ಎಂಬ ಹಾಗೆ ಕೂತಿತ್ತು.

ಅಯ್ಯೋ, ನನ್ನ ಮೈಯೆಲ್ಲ ಉರಿದುಹೋಯಿತು. ಅದರ ದನಿಯಾದರೂ ಚೆನ್ನಾಗಿದೆಯೇ? ಗಂಟಲು ಕೆಟ್ಟವರು ಕ್ಯಾಕರಿಸಿದಂತೆ ಗರಗರ ಎನ್ನುತ್ತದೆ. ಹತ್ತು ಮಾತಿನಲ್ಲಿ ನಾಲ್ಕು ಕೇಳಿಸುವುದಿಲ್ಲ. ಆದರೆ ಮರ್ಯಾದೆ ಏನು! ಅದು ಒಮ್ಮೆ ಕೆಮ್ಮಿದರೆ ಸಾಕು, ಚಹಾ ಕುಡಿಯುತ್ತಿದ್ದವರೂ ಲೋಟ ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. ನಾಲ್ಕು ವರ್ಷ ಸಾವಿರಾರು ಜನರ ಅಳಲನ್ನು ಸ್ಪಷ್ಟವಾಗಿ ಕೇಳಿಸಿದ ನನಗೆ ಒಬ್ಬರಾದರೂ ಎದ್ದು ನಿಂತಿದ್ದರೇ? ಪ್ರತಿದಿನ ಅವಳು ಪುಸ್ತಕದಲ್ಲಿ ಸಹಿ ಹಾಕಿ ಅದನ್ನು ತೆಗೆದುಕೊಳ್ಳುವಾಗ, ಚೀಲದ ಸಂದಿಯಿಂದ ನೋಡಿ ನೋಡಿ ಕರುಬುತ್ತಿದ್ದೆ.

ಠಾಣೆಯ ಫೋನು ಎತ್ತುವ ಕೆಲಸವೂ ಅಶ್ವಿತಾಳ ಪಾಲಿಗೆ ಬಂತು. ಮೊದಲ ದಿನವೇ, 'ನಮಸ್ಕಾರ, ನಾನು ಅಶ್ವಿತಾ, ನಿಮಗೆ ಹೇಗೆ ಸಹಾಯ ಮಾಡಲಿ?' ಎಂದಳು. ಇಡೀ ಠಾಣೆ ನಕ್ಕಿತು. ಬಾಗಲಕೋಟೆ ಕಡೆಯ ಹೆಡ್ ಕಾನ್‌ಸ್ಟೇಬಲ್ ಯಮನಪ್ಪನವರು, ಕಳ್ಳರೂ ಫೋನ್ ಮಾಡಿ ಸಹಾಯ ಕೇಳಿಯಾರು ಎಂದು ಚುಡಾಯಿಸಿದರು. ನನಗೆ ಮಾತ್ರ ಒಳಗೊಳಗೇ ಖುಷಿ. ಆ ಮಾತು ನನ್ನ ಜೊತೆ ಇದ್ದಾಗ ಕಲಿತದ್ದಲ್ಲವೇ? ವಾಕಿಟಾಕಿ ಕಲಿಸಿದ್ದಲ್ಲವಲ್ಲ!

ಒಂದು ಮಂಗಳವಾರ ಸಂಜೆ ನಾಲ್ಕು ಗಂಟೆಗೆ, ಡ್ಯೂಟಿ ಮುಗಿಯುವ ಗಡಿಬಿಡಿಯಲ್ಲಿ ಆ ಫೋನು ಬಂತು. ಸುಗಂಧಿ ಎಂಬ ಹೆಂಗಸು. ಗಂಡ ಸೇಸಪ್ಪನವರಿಗೆ ಎಪ್ಪತ್ತೆರಡು ವರ್ಷ, ಮರೆವಿನ ಕಾಯಿಲೆ. ಮಧ್ಯಾಹ್ನ ಊಟ ಮಾಡಿ ಹೊರಗೆ ಹೋದವರು ಬಂದಿಲ್ಲ. ಅಶ್ವಿತಾ ಹೆಸರು, ವಯಸ್ಸು, ವಿಳಾಸ, ಫೋನ್ ನಂಬರ್ ಕೇಳಿ ಬರೆದುಕೊಂಡಳು. ಕೊನೆಯಲ್ಲಿ ಅವಳ ನಾಲಿಗೆ ಹಳೆಯ ದಾರಿ ಹಿಡಿಯಿತು.

'ನಿಮ್ಮ ದೂರು ದಾಖಲಾಗಿದೆ ಅಮ್ಮಾ. ಇಪ್ಪತ್ತನಾಲ್ಕು ಗಂಟೆಯೊಳಗೆ ನಿಮಗೆ ಉತ್ತರ ಸಿಗ್ತದೆ.'

ಹೇಳಿ, ಫೋನಿಟ್ಟು, ಪುಸ್ತಕ ಮುಚ್ಚಿ, ವಾಕಿಟಾಕಿಯನ್ನು ಮುಂದಿನವರಿಗೆ ಒಪ್ಪಿಸಿ ಬಸ್ಸಿಗೆ ಓಡಿದಳು. ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಬರೆದಾಯಿತಲ್ಲ, ಇನ್ನು ಅದು ತಾನಾಗಿ ಹೋಗುತ್ತದೆ ಎಂದು ಅವಳ ಕೈಗೂ ಮನಸ್ಸಿಗೂ ನಾಲ್ಕು ವರ್ಷದ ಅಭ್ಯಾಸ. ಅವಳ ಕಿವಿಯಲ್ಲಿ ನಾನು ಹಾಡು ಹಾಡುತ್ತಾ ಮನೆಗೆ ಹೋದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸುಗಂಧಿಯವರ ಪಕ್ಕದ ಮನೆಯ ರಿಕ್ಷಾ ಚಾಲಕ ವಲೇರಿಯನ್ ಠಾಣೆಗೆ ಬಂದ. ಹುಡುಕಲು ಹೋಗೋಣ ಎಂದರೆ ಆ ಅಮ್ಮ ಮನೆ ಬಿಟ್ಟು ಏಳುತ್ತಿಲ್ಲ, ಪೊಲೀಸರೇ ಫೋನು ಮಾಡುತ್ತಾರೆ ಎಂದು ಕೂತಿದ್ದಾರೆ, ನೀವು ಎಲ್ಲಿಯವರೆಗೆ ಹುಡುಕಿದಿರಿ ಎಂದು ಕೇಳಿದ. ಎಸ್‌ಐ ಸಾಹೇಬರಿಗೆ ಆ ವಿಷಯವೇ ಗೊತ್ತಿಲ್ಲ. ಪುಸ್ತಕ ತರಿಸಿದರು. ಅಶ್ವಿತಾಳ ದುಂಡು ಅಕ್ಷರದಲ್ಲಿ ಸೇಸಪ್ಪನವರ ಹೆಸರು ಚೆಂದವಾಗಿ ಬರೆದಿತ್ತು. ಹದಿನೇಳು ಗಂಟೆ ಒಂದು ಕಾಲು ಕೂಡ ಅಲುಗಿರಲಿಲ್ಲ.

ಸಾಹೇಬರು ಬೈದ ಮಾತುಗಳನ್ನು ಇಲ್ಲಿ ಹೇಳುವುದಿಲ್ಲ. ಆ ಮುದುಕರಿಗೆ ಏನಾದರೂ ಆದರೆ ನಿನ್ನ ಕೆಲಸ ಆಮೇಲಿನ ಮಾತು, ನೀನು ಹೇಗೆ ಮಲಗುತ್ತೀ ಅದನ್ನು ಯೋಚಿಸು ಎಂದು ಮುಗಿಸಿ, ಎಲ್ಲ ಠಾಣೆಗಳಿಗೂ ವೈರ್‌ಲೆಸ್‌ನಲ್ಲಿ ಹೇಳಲು ಒಳಗೆ ಹೋದರು. ಯಮನಪ್ಪನವರು ಬೈಯಲಿಲ್ಲ. ಅವರು ಹೇಳಿದ್ದೇ ಅವಳಿಗೆ ಹೆಚ್ಚು ನಾಟಿತು.

'ಇದು ಕಂಪನಿ ಅಲ್ಲವ್ವಾ ತಂಗಿ. ಇಲ್ಲಿ ಪುಸ್ತಕದಾಗ ಬರದದ್ದು ತಾನ ಎದ್ದು ಹೋಗಂಗಿಲ್ಲ. ಯಾರರ ಹೊತಗೊಂಡು ಹೋಗಬೇಕು.'

ಅಶ್ವಿತಾ ಅಳಲಿಲ್ಲ. ಚೀಲಕ್ಕೆ ಕೈಹಾಕಿ ನನ್ನನ್ನು ಹೊರತೆಗೆದಳು. ಭುಜದ ವಾಕಿಟಾಕಿಯನ್ನು ಬಿಚ್ಚಿ ಮೇಜಿನ ಮೂಲೆಗಿಟ್ಟು, ನನ್ನನ್ನು ಮೊಬೈಲಿಗೆ ಸಿಕ್ಕಿಸಿ ತಲೆಗೇರಿಸಿಕೊಂಡಳು! ಹೊತ್ತು ಎಂಥದ್ದು ಎಂದು ಗೊತ್ತಿದ್ದರೂ ನನ್ನ ಸಂತೋಷ ತಡೆಯಲಾಗಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಅದನ್ನು ನೋಡಿ, ಹೇಗಿದೆ ಈಗ ಎಂದು ಮನಸ್ಸಿನಲ್ಲೇ ಕೇಳಿದೆ.

ಮೊದಲ ಕರೆ ಸುಗಂಧಿಯವರಿಗೆ. ಒಂದು ರಿಂಗಿಗೇ ಎತ್ತಿದರು.

'ಸಿಕ್ಕಿದ್ರಾ? ನೀವು ಹೇಳಿದ್ದೀರಲ್ಲ, ಅದಕ್ಕೆ ಎದ್ದೇ ಇಲ್ಲ ನಾನು. ಮೀಯಲಿಕ್ಕೆ ಸಹ ಹೋಗ್ಲಿಲ್ಲ, ಅಷ್ಟರಲ್ಲಿ ಫೋನ್ ಬಂದ್ರೆ ಅಂತ.'

ನಾಲ್ಕು ವರ್ಷದಲ್ಲಿ ಎಷ್ಟು ಜನರಿಗೆ ಆ ಮಾತು ಹೇಳಿದ್ದೆವು! ಇಷ್ಟೊಂದು ನಂಬಿದವರು ಯಾರಾದರೂ ಇದ್ದಿರಬಹುದೆಂದು ನಮಗೆ ಹೊಳೆದೇ ಇರಲಿಲ್ಲ. ಅಶ್ವಿತಾಳ ಉಸಿರು ನನ್ನ ಮೈಕಿಗೆ ಬಡಿಯುತ್ತಿತ್ತು.

'ಅಮ್ಮಾ, ನಾನು ಯಾರಿಗೂ ಹೇಳಿರ್ಲಿಲ್ಲ. ಪುಸ್ತಕದಲ್ಲಿ ಬರೆದು ಮನೆಗೆ ಹೋದೆ. ತಪ್ಪು ನನ್ನದು. ಈಗ ಹುಡುಕ್ತಾ ಇದ್ದೇವೆ.'

ಫೋನಿಟ್ಟುಬಿಡುತ್ತಾರೆ ಎಂದು ನಾನು ಹೆದರಿದೆ. ಅಶ್ವಿತಾ ಕನ್ನಡ ಬಿಟ್ಟು ತುಳುವಿನಲ್ಲಿ, ಅವರ ಬಗ್ಗೆ ಏನಾದರೂ ಹೇಳಿ, ಏನಾದರೂ ಸರಿ ಎಂದಳು. ಕಂಪನಿಯಲ್ಲಿ ತುಳು ಮಾತಾಡಿದರೆ ಅಂಕ ಕಳೆಯುತ್ತಿದ್ದರು. ಸುಗಂಧಿಯವರು ಮೂವತ್ತೊಂದು ನಿಮಿಷ ಮಾತಾಡಿದರು. ಸೇಸಪ್ಪನವರು ಮೂವತ್ತಾರು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿನ್ನೆ ಪೆಟ್ಟಿಗೆಯಿಂದ ಹಳೆಯ ಖಾಕಿ ಅಂಗಿ ತೆಗೆದು ಹಾಕಿಕೊಂಡು ಹೋಗಿದ್ದರು. ಯಾವ ಅಂಗಿ ಹಾಕಿದ್ದರು ಎಂದು ನಿನ್ನೆ ಅಶ್ವಿತಾ ಕೇಳಿರಲಿಲ್ಲ. ಕಂಪನಿ ಬರೆದುಕೊಟ್ಟ ಪ್ರಶ್ನೆಗಳಲ್ಲಿ ಅಂಗಿ ಇರಲಿಲ್ಲ.

ಖಾಕಿ ಅಂಗಿ ಹಾಕಿ ಹಿಂದಿನ ಬಾಗಿಲಲ್ಲಿ ನಿಂತ ಮುದುಕರನ್ನು ಯಾವ ಬಸ್ಸಿನವರು ಟಿಕೆಟ್ ಕೇಳುತ್ತಾರೆ? ನಮ್ಮವರೇ ಯಾರೋ ಎಂದುಕೊಳ್ಳುತ್ತಾರೆ. ಅಶ್ವಿತಾ ಬಸ್‌ಸ್ಟ್ಯಾಂಡುಗಳ ಟೈಮ್ ಕೀಪರುಗಳ ನಂಬರುಗಳನ್ನು ಒಬ್ಬರಿಂದೊಬ್ಬರಿಗೆ ಕೇಳಿ ಕೇಳಿ ಪಡೆದಳು. ಸುರತ್ಕಲ್, ಮೂಲ್ಕಿ, ಕಿನ್ನಿಗೋಳಿ, ಮೂಡುಬಿದಿರೆ, ಕಾರ್ಕಳ. ಎರಡೂ ಕೈಗೆ ಬಿಡುವು, ಒಂದರಲ್ಲಿ ಪೆನ್ನು, ಒಂದರಲ್ಲಿ ಪಟ್ಟಿ, ಕಿವಿಯಲ್ಲಿ ನಾನು. ಅರವತ್ತೆರಡು ಕರೆ. ಊಟವಿಲ್ಲ. ಯಮನಪ್ಪನವರು ಚಹಾ ತಂದಿಟ್ಟು, ಕೂಸು ಕುಂತಲ್ಲೇ ಊರು ತಿರುಗ್ತದ ಎಂದು ಯಾರಿಗೋ ಹೇಳುತ್ತಾ ಹೋದರು. ಅದು ನನಗೂ ಸೇರಿದ ಹೊಗಳಿಕೆ ಎಂದು ತೆಗೆದುಕೊಂಡೆ.

ಎರಡೂವರೆಗೆ ಕಾರ್ಕಳದ ಟೈಮ್ ಕೀಪರು ಸುಳಿವು ಕೊಟ್ಟ. ರಾತ್ರಿ ನಿಲ್ಲುವ ಬಸ್ಸಿನಲ್ಲಿ ಒಬ್ಬರು ಹಿರಿಯರು ಮಲಗಿದ್ದರಂತೆ, ಬೆಳಿಗ್ಗೆಯಿಂದ ಅದೇ ಬಸ್ಸಿನಲ್ಲಿ ರೈಟ್ ರೈಟ್ ಎನ್ನುತ್ತಾ ಓಡಾಡುತ್ತಿದ್ದಾರಂತೆ. ಅಶ್ವಿತಾ ಸಾಹೇಬರಿಗೆ ಓಡಿಹೋಗಿ ಹೇಳಿದಳು, ಸಾಹೇಬರು ವೈರ್‌ಲೆಸ್‌ನಲ್ಲಿ ಹೇಳಿದರು. ಮೂರೂ ಐವತ್ತಕ್ಕೆ ಮೇಜಿನ ಮೂಲೆಯ ವಾಕಿಟಾಕಿ ಗರಗರ ಎಂದಿತು. ಹಿರಿಯರು ಸಿಕ್ಕಿದ್ದಾರೆ, ಜೀವಕ್ಕೆ ತೊಂದರೆ ಇಲ್ಲ, ಆದರೆ ಡ್ಯೂಟಿಯಲ್ಲಿದ್ದೇನೆ ಎಂದು ಬಸ್ಸಿನಿಂದ ಇಳಿಯಲು ಒಪ್ಪುತ್ತಿಲ್ಲ, ಮನೆಯವರನ್ನು ಕರೆತನ್ನಿ ಎಂದಿತು.

ಠಾಣೆಗೆ ಠಾಣೆಯೇ ಎದ್ದು ನಿಂತಿತು. ನೋಡಿದಿರಾ ಅನ್ಯಾಯ? ಅರವತ್ತೆರಡು ಕರೆ ನನ್ನದು, ಒಂದು ಸಾಲು ಅದರದು, ಹೆಸರು ಅದಕ್ಕೆ! ಇನ್ನು ಸುಗಂಧಿಯವರಿಗೆ ತಿಳಿಸುವ ಕರೆಯಾದರೂ ನನ್ನದೇ ಎಂದು ನಾನು ಮೈಕು ಚಾಚಿ ಕಾದೆ. ಸಾಹೇಬರೂ, ಬೇಗ ಫೋನು ಮಾಡಿ ಹೇಳು, ವಲೇರಿಯನ್ ರಿಕ್ಷಾದಲ್ಲಿ ಕರೆದುಕೊಂಡು ಹೋಗಲಿ ಎಂದರು.

ಅಶ್ವಿತಾ ನನ್ನನ್ನು ತಲೆಯಿಂದ ತೆಗೆದಳು.

'ಫೋನಲ್ಲಿ ಹೇಳಿ ಸಾಕಾಗಿದೆ ಸರ್. ನಾನೇ ಹೋಗ್ತೇನೆ.'

ಡ್ಯೂಟಿ ಮುಗಿಯುವ ಹೊತ್ತಾದ್ದರಿಂದ ವಾಕಿಟಾಕಿಯನ್ನೂ ಸಹಿ ಹಾಕಿ ಬಿಟ್ಟಳು. ನಾವಿಬ್ಬರೂ ಅಕ್ಕಪಕ್ಕದಲ್ಲಿ ಮೇಜಿನ ಮೇಲೆ ಬಿದ್ದಿದ್ದೆವು. ಅವಳು ಬಾಗಿಲು ದಾಟಿ, ಮೆಟ್ಟಿಲಿಳಿದು, ಜಲ್ಲಿಯ ಮೇಲೆ ಓಡುವುದು ಕೇಳಿಸಿತು. ಹತ್ತು ನಿಮಿಷದಲ್ಲಿ ಬೇರೊಬ್ಬ ಕಾನ್‌ಸ್ಟೇಬಲ್ ಬಂದು ವಾಕಿಟಾಕಿಯನ್ನು ಎತ್ತಿ ತನ್ನ ಭುಜಕ್ಕೆ ಸಿಕ್ಕಿಸಿಕೊಂಡ. ಅದು ಅವನ ಭುಜದ ಮೇಲೂ ಅದೇ ದನಿಯಲ್ಲಿ ಗರಗರ ಎಂದಿತು. ಅದಕ್ಕೆ ತನ್ನವರು ಅಂತ ಒಬ್ಬರೂ ಇಲ್ಲ, ಪಾಪ. ಇದರ ಮೇಲೆಯೇ ನಾನು ಇಷ್ಟು ದಿನ ಉರಿದುಕೊಂಡದ್ದು?

ಈಗ ನನಗೆ ವಯಸ್ಸಾಗಿದೆ. ಎಡ ಕಿವಿ ಸತ್ತಿದೆ, ಸ್ಪಂಜು ಪುಡಿಪುಡಿ ಉದುರುತ್ತದೆ. ಅಶ್ವಿತಾಳಿಗೆ ಬಂಟ್ವಾಳಕ್ಕೆ ವರ್ಗವಾದಾಗ, ಇಲ್ಲಿ ಯಾರಿಗಾದರೂ ಬೇಕಾಗಬಹುದು ಎಂದು ನನ್ನನ್ನು ಠಾಣೆಯ ಫೋನಿನ ಕೆಳಗಿನ ಡ್ರಾಯರಿನಲ್ಲಿ ಬಿಟ್ಟುಹೋದಳು. ಯಾರಿಗೂ ಬೇಕಾಗಿಲ್ಲ. ಇಲ್ಲಿಂದ ನನಗೆ ಮನುಷ್ಯರ ಕಾಲುಗಳಷ್ಟೇ ಕಾಣುತ್ತವೆ.

ಆ ದಿನದ ಉಳಿದ ಕಥೆಯನ್ನು ಅವಳು ಯಮನಪ್ಪನವರಿಗೆ ಹೇಳುವಾಗ ಕೇಳಿದ್ದೆ. ಗೇಟಿನಲ್ಲಿ ಪೊಲೀಸ್ ಬಟ್ಟೆ ಕಂಡ ಕೂಡಲೇ ಸುಗಂಧಿಯವರು ಕೆಟ್ಟ ಸುದ್ದಿಯೇ ಎಂದು ಅಂಗಳದಲ್ಲಿ ಕುಸಿದರಂತೆ. ಅಶ್ವಿತಾ ಓಡಿಹೋಗಿ ಪಕ್ಕದಲ್ಲಿ ನೆಲದ ಮೇಲೆ ಕೂತು, ಇದ್ದಾರೆ, ಇದ್ದಾರೆ ಎಂದಳಂತೆ. ಅವರು ಅವಳ ಕೆನ್ನೆಗೆ ಒಂದು ಬಾರಿಸಿದರಂತೆ. ಆಮೇಲೆ ಅವಳನ್ನೇ ತಬ್ಬಿಕೊಂಡು ಅತ್ತು, ಗಂಡನನ್ನು ಕರೆತರಲು ಅವಳ ಜೊತೆಗೇ ರಿಕ್ಷಾ ಹತ್ತಿದರಂತೆ.

ಏಟು, ಅಪ್ಪುಗೆ ಎರಡೂ ಅವಳಿಗೆ ಸಿಕ್ಕಿದ್ದು ನಾನಿಲ್ಲದ ಜಾಗದಲ್ಲಿ. ಫೋನಿನಲ್ಲಿ ಹೇಳಿದ್ದರೆ ಒಂದೂ ಸಿಗುತ್ತಿರಲಿಲ್ಲ. ವಾಕಿಟಾಕಿಯ ಮೇಲಿನ ಹೊಟ್ಟೆಕಿಚ್ಚು ನನಗೆ ಎಂದೋ ಆರಿದೆ. ಈಗ ಡ್ರಾಯರಿನ ಸಂದಿಯಿಂದ ಅವಳ ಜಾಗಕ್ಕೆ ಬಂದ ಹೊಸ ಹುಡುಗಿಯ ಕಂದು ಬಣ್ಣದ ಶೂಗಳನ್ನು ನೋಡುತ್ತೇನೆ. ಫೋನು ರಿಂಗಾಗುತ್ತದೆ, ಅವಳು ಕೇಳಿಸಿಕೊಳ್ಳುತ್ತಾಳೆ, ಶೂಗಳು ಎದ್ದು ಹೊರಗೆ ಹೋಗುತ್ತವೆ. ಅವುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.