ಬಲಗಡೆ ಕೆಳಮೂಲೆ

ಬರ್ತಾ ಇದೆಯಾ? — ಚಂದ್ರಲೇಖಾ ಕೇಳಿದ್ದು ಯಾರನ್ನೂ ಅಲ್ಲ, ಬಾಯಿಂದ ತಾನಾಗಿ ಜಾರಿದ ಮಾತು, ಹೊಸೂರು ಬಸ್ ಸ್ಟ್ಯಾಂಡಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಆ ದೊಡ್ಡ ಪ್ರಿಂಟರಿನಿಂದ ಹಾಳೆಯ ಅಂಚು ಬೆರಳಗಲ ಇಣುಕಿ ನಿಂತಿದೆ, ಒಳಗೆ ಶಾಯಿಯ ಡಬ್ಬಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಸರ್ರ್, ಸರ್ರ್, ಅಜ್ಜಿ ಬೈರಮ್ಮ ಪದ್ಯ ಓದುವಾಗ ಸಾಲು ಮುಗಿಸಿ, ಉಸಿರು ಎಳೆದು, ಮುಂದಿನ ಸಾಲು ಹಿಡಿಯುತ್ತಿದ್ದ ಹಾಗೇ — ಅರಿಶಿನದ ಹೆಬ್ಬೆರಳು ಪುಟದ ಬಲಗಡೆ ಕೆಳಮೂಲೆಯಲ್ಲಿ, ತಿರುವಲು ಸಿದ್ಧ, ಪುಸ್ತಕದ ಮೂಲೆಗಳೆಲ್ಲ ಹಳದಿ — ಇರುಮ್ಮಾ, ಎಳೀಬೇಡ, ಪೇಪರ್ ಸಿಕ್ಕಾಕೊಳ್ತದೆ, ಅಂತ ಅಂಗಡಿಯ ಚಿರಂಜೀವಿ ಬೈದ, ಎಳೆದಳಾ ತಾನು, ಕೈ ಯಾವಾಗ ಹೋಯಿತು, ಪಕ್ಕದಲ್ಲಿ ಊರಿನ ಗೆಳತಿ ಭಾನು ನಗುತ್ತಿದ್ದಾಳೆ, ವರ್ಕ್‌ಶಾಪಿನ ನೀಲಿ ಕೋಟು, ಉಗುರಿನ ಸಂದಿಯಲ್ಲಿ ಕಬ್ಬಿಣದ ಪುಡಿ, ಡ್ರಾಯಿಂಗ್ ನಂದು ಕಣೇ ಲೇಖಾ, ನೀನ್ಯಾಕೆ ಬೆವರ್ತಾ ಇದ್ದೀಯ? ಬೆವರದೆ ಏನು, ಹನ್ನೊಂದಕ್ಕೆ ವರ್ಕ್‌ಶಾಪಿನ ಯಜಮಾನರು ಕೊಂಡಪ್ಪ ನೋಡುತ್ತಾರೆ, ಡ್ರಾಯಿಂಗ್ ಬತ್ತದೆ ಅಂತೀಯಲ್ಲಮ್ಮಾ, ಒಂದು ತಂದು ತೋರ್ಸು, ಸರಿಯಿದ್ರೆ ಸೋಮವಾರದಿಂದ ಕಂಪ್ಯೂಟರ್ ಮುಂದೆ ಕೂತ್ಕೋ ಅಂದಿದ್ದಾರೆ, ಸರಿಯಿಲ್ಲದಿದ್ದರೆ ಮತ್ತೆ ಅದೇ ಅರ, ಅದೇ ಕಬ್ಬಿಣದ ಉಜ್ಜಾಟ, ಡಿಪ್ಲೊಮಾ ಅರ್ಧಕ್ಕೆ ಬಿಟ್ಟ ದಿನದಿಂದ ಎರಡು ವರ್ಷ ಉಜ್ಜಿದ್ದಾಳೆ ಭಾನು, ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಗೀಟು ಮುಗಿಸುತ್ತಿದ್ದವಳು. ಪಾಸ್‌ವರ್ಡ್ ಅವಳು ಕೇಳಿರಲಿಲ್ಲ. ಲೇಖಾಳೇ ಬಸ್ ಟಿಕೆಟ್ಟಿನ ಹಿಂದೆ ಬರೆದು ಅವಳ ಅಂಗೈಗೆ ಒತ್ತಿದ್ದು, ಕಾಲೇಜು ತನ್ನ ಹೆಸರಿಗೆ ಕೊಟ್ಟ ಸಾಫ್ಟ್‌ವೇರ್, ಉಮಾಶಂಕರ್ ಸಾರ್ ಅವತ್ತೇ ಹೇಳಿದ್ದರು, ಇದು ಓದೋ ಮಕ್ಕಳಿಗೆ ಮಾತ್ರ, ಹೊರಗಿನೋರಿಗೆ ಕೊಟ್ಟಿದ್ದು ಗೊತ್ತಾದ್ರೆ ಆ ಕ್ಷಣ ಬಂದ್, ಪ್ರಾಜೆಕ್ಟಿಗೂ ಸಹಿ ಹಾಕಲ್ಲ — ಕೇಳಿಸಿಕೊಂಡಿದ್ದಳು, ಕೇಳಿಸಿಕೊಳ್ಳುವುದೇ ಅವಳ ಕೆಲಸ, ಕೇಳಿಯೂ ಕೊಟ್ಟಳು, ಯಾಕೆಂದರೆ ಗುಮ್ಮಳಾಪುರದಲ್ಲಿ ಅಜ್ಜಿಯ ಪದ್ಯದ ಪುಸ್ತಕ ಶ್ರಾವಣ ಪೂರ್ತಿ ಮನೆಮನೆ ಸುತ್ತುತ್ತಿತ್ತು, ಕೇಳಿದವರಿಗೆ ಇಲ್ಲ ಅಂದದ್ದಿಲ್ಲ, ಒಂದೇ ಕಟ್ಟಳೆ, ಓದುವವರು ಮೊದಲು ಪುಸ್ತಕ ಕೊಟ್ಟವರ ಹೆಸರು ಹೇಳಿ ಕೈ ಮುಗಿಯಬೇಕು, ಹತ್ತು ವರ್ಷದ ಭಾನು ಒಂದು ಸಲ ಹೆಸರು ಮರೆತು ಪದ್ಯಕ್ಕೆ ನುಗ್ಗಿದಳು, ಎಂಥ ಕಂಠ, ದೀಪದ ಕುಡಿ ಕೂಡ ನೆಟ್ಟಗೆ ನಿಂತು ಕೇಳುತ್ತಿತ್ತು, ಅಜ್ಜಿ ಹೆಬ್ಬೆರಳು ತೆಗೆದು ಪುಸ್ತಕ ಮುಚ್ಚಿಬಿಟ್ಟಳು, ಯಾರೇ ಕೊಟ್ಟಿದ್ದು ನಿಂಗೆ? ಊರೆಲ್ಲ ನೋಡುತ್ತಿತ್ತು, ಭಾನು ಅತ್ತಳು, ಮೂಗು ಒರೆಸಿಕೊಂಡಳು, ಹೆಸರು ಹೇಳಿದಳು, ಮೊದಲಿಂದ ಶುರು ಮಾಡಿದಳು.

ಸರ್ರ್, ಸರ್ರ್, ಬಂತು, ಮೇಲಂಚು ಬಂತು, ಅಂಚಿನುದ್ದಕ್ಕೂ ಸಾಫ್ಟ್‌ವೇರ್ ತಾನಾಗಿ ಒತ್ತುವ ಸಣ್ಣ ಅಕ್ಷರದ ಮುದ್ರೆ, ವಿದ್ಯಾರ್ಥಿಗಳ ಬಳಕೆಗೆ ಮಾತ್ರ, ಅದು ಯಾರು ಏನು ಮಾಡಿದರೂ ಹೋಗದು, ಇರ್ಲಿ ಬಿಡು, ಇದು ಬರೀ ತೋರ್ಸಕ್ಕೆ, ಮಾಲು ಮಾಡಕ್ಕಲ್ಲ ಅಂತ ಹೇಳ್ತೀನಿ, ಅಂದಳು ಭಾನು, ಸರಿ, ಇರಲಿ, ಮುದ್ರೆಯಲ್ಲಿ ಹೆಸರಿಲ್ಲವಲ್ಲ, ಹೊಸೂರಲ್ಲಿ ಎಷ್ಟು ಸಾವಿರ ವಿದ್ಯಾರ್ಥಿಗಳು, ಯಾರದ್ದೋ ಏನೋ ಅಂದುಕೊಳ್ಳುತ್ತಾರೆ, ಉಮಾಶಂಕರ್ ಸಾರ್ ಪ್ರತಿ ಶುಕ್ರವಾರ ಕೊಂಡಪ್ಪನವರ ಹತ್ತಿರ ಕಾಫಿಗೆ ಬಂದರೂ, ಇವತ್ತೂ ಶುಕ್ರವಾರವಾದರೂ — ಅಯ್ಯೋ ಆ ವೃತ್ತ ನೋಡು! ಎಷ್ಟು ದುಂಡಗೆ, ಎಷ್ಟು ತೆಳ್ಳಗೆ, ತೂತು ಕೊರೆಯುವಾಗ ಬಿಡಿಭಾಗ ಅಲ್ಲಾಡದ ಹಾಗೆ ಹಿಡಿಯುವ ತಟ್ಟೆ, ನಾಲ್ಕು ಮೂಲೆಗೆ ನಾಲ್ಕು ತೂತು, ನಡುವೆ, ಅರೆ, ಇಲ್ಲೊಂದು ಗೂಟ ಯಾಕೆ? ಪೀಸು ಜಾರೋದು ಅಲ್ಲೇ ಕಣೇ, ನನ್ ಕೈ ಕುಯ್ದಿದ್ದೂ ಅಲ್ಲೇ, ಭಾನು ಅಂಗೈಯ ಗಾಯದ ಗೆರೆ ತೋರಿಸಿದಳು, ಲೇಖಾಳ ಮೈ ಜುಮ್ಮೆಂದಿತು, ಮೂರು ವರ್ಷ ಓದಿದ ತನಗೆ ಈ ಗೂಟ ಹೊಳೆಯುತ್ತಿರಲಿಲ್ಲ, ಒಪ್ಪುತ್ತಾರೆ, ಒಪ್ಪದೆ ಇರಲು ಆಗದು, ಸೋಮವಾರ, ಕಂಪ್ಯೂಟರು, ಕುರ್ಚಿ, ಭಾನುವಿನ ಉಗುರು ಬೆಳ್ಳಗಾಗುತ್ತದೆ, ಕುಣಿಯಬೇಕು ಅನ್ನಿಸುತ್ತಿದೆ, ಈ ಅಂಗಡಿಯಲ್ಲೇ, ಸರ್ರ್, ಅಳತೆಗಳು ಬಂದವು, ಸರ್ರ್, ಕೊನೆಗೆ ಬಲಗಡೆ ಕೆಳಮೂಲೆ, ಚೌಕದೊಳಗೆ ಚೌಕ, ಬರೆದವರು ಭಾನು, ಅದರ ಕೆಳಗೆ ಇನ್ನೊಂದು ಸಾಲು, ಇದೇನಿದು, ಸಾಫ್ಟ್‌ವೇರ್ ಕೊಟ್ಟವರು — ಚಂದ್ರಲೇಖಾ, ಬೈರಮ್ಮನ ಮನೆ, ಗುಮ್ಮಳಾಪುರ.

ಎದೆ ಮೊದಲು ಹಿಗ್ಗಿತು, ನಿಜ, ತನ್ನ ಹೆಸರು, ಅಷ್ಟು ಚೆಂದವಾಗಿ — ಆಮೇಲೆ ಶುಕ್ರವಾರ, ಕಾಫಿ ಲೋಟ, ಮೇಜಿನ ಮೇಲೆ ಬಿಡಿಸಿದ ಹಾಳೆ, ಸಾರ್ ಕನ್ನಡಕ ಏರಿಸಿ ಬಗ್ಗುತ್ತಾರೆ, ಅಳಿಸು ಭಾನು, ಅಂದಳು ಲೇಖಾ, ಹುಟ್ಟಿದಾಗಿನಿಂದ ಯಾರ ಹತ್ತಿರವೂ ಏನೂ ಬೇಡದವಳು, ಕೈ ಮುಗೀತೀನಿ ಕಣೇ, ಲ್ಯಾಪ್‌ಟಾಪ್ ಬ್ಯಾಗಲ್ಲೇ ಐತೆ, ಎರಡು ನಿಮಿಷ, ಆ ಒಂದು ಸಾಲು, ಇನ್ನೊಂದು ಪ್ರಿಂಟ್ ತಗೊಂಡ್ಬಿಡಾಣ — ಚಿರಂಜೀವಿ ಹಾಳೆ ಕತ್ತರಿಸಿ ಕೊಟ್ಟ, ಭಾನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಅಜ್ಜಿಯ ಪುಸ್ತಕ ತೆಗೆದುಕೊಳ್ಳುತ್ತಿದ್ದ ಹಾಗೇ, ಹೆಬ್ಬೆರಳು ಬಲಗಡೆ ಕೆಳಮೂಲೆಯಲ್ಲಿ, ಹಳದಿಯಲ್ಲ, ಕಪ್ಪು, ಆ ಹೆಸರಿನ ಪಕ್ಕದಲ್ಲೇ, ಅಳಿಸಲ್ಲ, ಅಂದಳು.